ಅಕ್ಕಿಕಾಳಿಗಿಂತ ಚಿಕ್ಕ ಮೂಳೆ

ನಾದಿನಿ ಹೆಣದ ಕಿವಿಗೆ ಹತ್ತಿ ಇಡುತ್ತಿದ್ದಂತೆ ಹೆಂಡತಿ ಮೆಲ್ಲಗೆ ಅಂದಳು: “ಹತ್ತಿ ಯಾಕೆ ದಂಡ ಮಾಡ್ತೀಯೆ? ನಿಮ್ಮಣ್ಣ ಬದುಕಿದ್ದಾಗಲೇ ಮುಚ್ಕೊಂಡಿದ್ರು.”

“ಇವತ್ತಾದ್ರೂ ಬಿಡಿ ಅತ್ತಿಗೆ.”

ಬಾಗಿಲಲ್ಲಿ ನಿಂತಿದ್ದ, ಸತ್ತವನು ದುಡಿಯುತ್ತಿದ್ದ ಪ್ರೆಸ್ಸಿನ ಫೋರ್‌ಮನ್ ಮೂಗೊರೆಸಿಕೊಂಡ. “ಯಂತ್ರ ಓಡೋವಾಗ ನಾವೆಲ್ಲ ಕಿವುಡರೇ ಕಣಮ್ಮ. ಅವನೊಬ್ಬನಿಗೆ ಎಲ್ಲಾ ಕೇಳ್ತಿತ್ತು.”

“ಕೇಳಿದ್ಯಾ? ಊರಿಗೆಲ್ಲ ಕಿವಿ, ನನಗೆ ಮಾತ್ರ ಇಲ್ಲ.”

*

ಆರು ವರ್ಷದ ಹಿಂದೆ ಊಟಕ್ಕೆ ಕೂತಾಗ ಅವಳು, ಅಮ್ಮನಿಗೆ ಹುಷಾರಿಲ್ಲ, ನೋಡಿಕೊಂಡು ಬರೋಣವೇ ಎಂದು ಕೇಳಿದ್ದಳು. ಅವನು ಅಗಿಯುವುದನ್ನೇ ನಿಲ್ಲಿಸಿದ. ತುತ್ತು ಬಾಯಲ್ಲಿಟ್ಟುಕೊಂಡೇ ಅವಳ ಮುಖ ದಿಟ್ಟಿಸಿದ. ಮತ್ತೆ ಕೇಳಿದಳು, ಇನ್ನೂ ಮೆಲ್ಲಗೆ. ಸಿಟ್ಟು ಬಂದಷ್ಟೂ ಅವಳ ದನಿ ಇಳಿಯುತ್ತಿತ್ತು. ಗಂಡನೆದುರು ಒಮ್ಮೆಯೂ ದನಿ ಏರಿಸಿದವಳಲ್ಲ ಎಂಬ ಹೆಮ್ಮೆ ಬೇರೆ. ಅವನು ಏನೋ ಗೊಣಗಿ ತಟ್ಟೆಗೆ ಬಗ್ಗಿದ. ಅಮ್ಮ ತೀರಿಕೊಂಡ ಮೇಲೆ ಅವಳು ಅವನೊಂದಿಗೆ ಮಾತು ಬಿಟ್ಟಳು.

*

ಕಿವಿಯ ಡಾಕ್ಟರು ಬಂದು ಹೂವಿಟ್ಟು, ಹಿಂಜರಿಯುತ್ತ ಅವಳ ಬಳಿ ನಿಂತರು. “ಬರೋ ಸೋಮವಾರ ಆಪರೇಷನ್ ಇತ್ತು. ಹೇಳಿರಲಿಲ್ವಾ?”

“ಯಾರಿಗೆ ಆಪರೇಷನ್ನು?”

“ಕಿವಿಯೊಳಗೆ ಅಕ್ಕಿಕಾಳಿಗಿಂತ ಚಿಕ್ಕ ಮೂಳೆ ಇರುತ್ತಮ್ಮ. ಅದರ ಪಾದದ ಸುತ್ತ ಬಳೆಯ ಹಾಗೆ ಮೆತ್ತನೆಯ ನಾರು. ಮೂಳೆ ಅಲುಗಿದರೇ ಸದ್ದು ಒಳಕ್ಕೆ. ಇವರಿಗೆ ಆ ಬಳೆಯೇ ಮೂಳೆಯಾಗಿ, ಎಲ್ಲಾ ಬಿಗಿದುಕೊಂಡುಬಿಟ್ಟಿತ್ತು.”

“ಪ್ರೆಸ್ಸಲ್ಲಿ ಕೇಳ್ತಿತ್ತಲ್ಲ?”

“ಅಲ್ಲಿ ಎಲ್ರೂ ಕಿರುಚ್ತಾರೆ. ಯಂತ್ರದ ಗಲಾಟೆ ಇವರಿಗೆ ಅಷ್ಟು ತಟ್ಟಲ್ಲ, ಕಿರುಚಿದ ಮಾತು ಮಾತ್ರ ತಟ್ಟುತ್ತೆ. ಮನೇಲಿ ಕಷ್ಟ. ಅಗಿಯೋ ಸದ್ದು ದವಡೆಯಿಂದ್ಲೇ ಕಿವಿಗೆ ಹತ್ತಿ ಎಲ್ಲಾ ಮುಳುಗಿಸಿಬಿಡುತ್ತೆ. ನೀವು ಬಾಯಿ ತೆಗೆದ ಕೂಡ್ಲೆ ಅಗಿಯೋದು ನಿಲ್ಲಿಸ್ತಿದ್ರಂತೆ, ಕೇಳಿಸ್ಕೊಳ್ಳೋಕೆ.”

“ನಾನು ಜೋರಾಗಿ ಹೇಳಿದ್ದಿದ್ರೆ?”

ಡಾಕ್ಟರು ನೆಲ ನೋಡಿದರು. “ಕೇಳ್ತಿತ್ತಮ್ಮ. ಸ್ವಲ್ಪ ಜೋರು ಸಾಕಿತ್ತು.”

*

ಹೆಣದ ಗಾಡಿಯ ಹಳೆಯ ಎಂಜಿನ್ನಿಗೆ ತಗಡೆಲ್ಲ ಗಡಗಡ ನಡುಗುತ್ತಿತ್ತು. ಯಾರೂ ತಡೆಯುವ ಮೊದಲೇ ಅವಳು ಒಳಗೆ ಹತ್ತಿ, ಅವನ ತಲೆಯ ಬಳಿ ಮಂಡಿಯೂರಿದಳು. ಬಗ್ಗಿದಳು. ಕತ್ತಿನ ನರ ಉಬ್ಬುವಂತೆ ಅವನ ಕಿವಿಗೆ ಕೂಗಿದಳು. ತನ್ನನ್ನೇ ಕರೆಯುತ್ತಿದ್ದಾಳೆಂದುಕೊಂಡ ಡ್ರೈವರ್ ತಟ್ಟನೆ ಎಂಜಿನ್ ಆರಿಸಿದ.

ಬೀದಿಯ ತುಂಬ ಅವಳ ದನಿಯೊಂದೇ ಉಳಿಯಿತು.

“ನೀರು ಕಾದಿದೆ, ಸ್ನಾನಕ್ಕೇಳಿ ಅಂದೆ! ಚಿಲಕ ಸಡಿಲಾಗಿದೆ ಅಂದೆ! ಕೇಳಿಸ್ತೇನ್ರೀ?”

“ಅತ್ತಿಗೆ,” ಎಂದು ನಾದಿನಿ ಭುಜ ಹಿಡಿದಳು. ಅವಳು ಕೊಡವಿಕೊಂಡು ಇನ್ನೂ ಜೋರಾಗಿ ಶುರುಮಾಡಿದಳು. ಎದುರುಮನೆಯ ಕಿಟಕಿ ತೆರೆಯಿತು; ಆಮೇಲೆ ಅದರ ಪಕ್ಕದ್ದು.