ಹೋತಜ್ಜನ ಹಾಲುತುಪ್ಪ

ಮಂಗಳವಾರ ನಾನು ಮಾಡಿದ ಅನ್ನ ಸಾರು ಹಾಗೇ ಉಳಿಯಿತು. ಹನ್ನೆರಡು ವರ್ಷದಿಂದ ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದೇನೆ. ಉಪ್ಪು ಹೆಚ್ಚಾದ ದಿನವೂ ಈ ಪಾಪಮ್ಮನ ಪಾತ್ರೆಯಲ್ಲಿ ಅಗುಳು ಉಳಿದದ್ದಿಲ್ಲ. ಅವತ್ತು ನಾಲ್ಕು, ಐದನೇ ಕ್ಲಾಸಿನ ಹತ್ತೊಂಬತ್ತು ಮಕ್ಕಳು ತಟ್ಟೆಯ ಮುಂದೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದವು. ನನಗೆ ಪಿತ್ತ ನೆತ್ತಿಗೇರಿತು.

"ಏನ್ರೋ, ಯಾರ ಮನೇಲಿ ಸಾವಾಗಿದೆ?" ಅಂದೆ.

"ಹೋತಜ್ಜ ಸತ್ತೋಯ್ತು ಅಜ್ಜಿ," ಅಂತ ಭೈರೇಶ್ ಎಂಬ ಹುಡುಗ ಗೊಳೋ ಅಂದ.

ಹೋತಜ್ಜ ಅಂದರೆ ಪುಸ್ತಕದೊಳಗಿನ ಮುದಿ ಹೋತ. ನಮ್ಮ ಅತೀಯಾ ಟೀಚರ್ ದಿನಾ ತರೀಕೆರೆಯಿಂದ ಅಜ್ಜಂಪುರದ ಬಸ್ಸು ಹತ್ತಿ ಬರುತ್ತಾರೆ. ಊಟಕ್ಕೆ ಮುಂಚಿನ ಅರ್ಧ ಗಂಟೆ ಒಂದು ದಪ್ಪ ಪುಸ್ತಕ ಹಿಡಿದು ಮಕ್ಕಳಿಗೆ ಓದಿ ಹೇಳುತ್ತಾರೆ. ಯಾವುದೋ ದೇಶದವರು ನೂರು ವರ್ಷದ ಹಿಂದೆ ಬರೆದದ್ದಂತೆ, ಯಾರೋ ಪುಣ್ಯಾತ್ಮರು ಕನ್ನಡಕ್ಕೆ ತಂದದ್ದಂತೆ. ನನ್ನ ಅಡುಗೆಮನೆಗೂ ಆ ಕ್ಲಾಸಿಗೂ ಒಂದೇ ಗೋಡೆ, ಬೇಡವೆಂದರೂ ಕಿವಿಗೆ ಬೀಳುತ್ತದೆ. ಇಬ್ಬರು ಮಕ್ಕಳು ಸೂರ್ಯ ಹುಟ್ಟದ ಸೀಮೆಗೆ ಹೊರಟಿದ್ದಾರೆ. ಮಾತಾಡುವ ಹೋತವೊಂದು ಅವರನ್ನು ಬೆನ್ನ ಮೇಲೆ ಕೂರಿಸಿಕೊಂಡು ಹಿಮದ ಬೆಟ್ಟ ಹತ್ತುತ್ತದೆ. ನಮ್ಮ ಮಕ್ಕಳು ಹಿಮ ಅಂತ ನೋಡಿದ್ದು ಐಸ್‌ಕ್ರೀಂ ಅಂಗಡಿಯ ಫ್ರಿಜ್ಜಿನಲ್ಲಿ ಮಾತ್ರ. ಆದರೂ ಆ ಬೆಟ್ಟ ಕೆಮ್ಮಣ್ಣುಗುಂಡಿಯದೇ, ಅಲ್ಲಿ ನೀರು ಧುಮುಕುವುದು ಹೆಬ್ಬೆಯಲ್ಲೇ ಅಂತ ಅವು ತೀರ್ಮಾನಿಸಿಬಿಟ್ಟಿದ್ದವು. ಸುಳ್ಳು ಯಾಕೆ ಹೇಳಲಿ, ಹೋತ ಒಗಟು ಹಾಕಿದ ದಿನ ನಾನೂ ಕೇಳುತ್ತಾ ನಿಂತು ಒಗ್ಗರಣೆ ಸೀಯಿಸಿದ್ದೆ.

"ಹೋತ ಸತ್ರೆ ನಮ್ಮೂರಲ್ಲಿ ಮಸಾಲೆ ಅರೀತಾರೆ ಕಣ್ರೋ, ಯಾರೂ ಅಳಲ್ಲ. ತಿನ್ನಿ!" ಅಂದೆ.

ಒಂದೂ ನಗಲಿಲ್ಲ. ಆಗ ಸಾಲಿನ ಕೊನೆಯಲ್ಲಿ ಕೂತಿದ್ದ ನನ್ನ ಮೊಮ್ಮಗಳು ಸ್ಪೂರ್ತಿಯನ್ನು ನೋಡಿದೆ. ಅವಳೂ ಅಳುತ್ತಿದ್ದಳು. ಸೌಟು ಕೆಳಗಿಟ್ಟೆ.

ಯಾಕೆಂದರೆ ಆ ಮಗು ಏಳು ತಿಂಗಳಿಂದ ಅತ್ತಿರಲಿಲ್ಲ. ಕಳೆದ ಆಷಾಢದಲ್ಲಿ ಅವಳ ತಮ್ಮ, ಎರಡೂವರೆ ವರ್ಷದ ಕೂಸು, ಮೂರೇ ದಿನದ ಜ್ವರಕ್ಕೆ ಹೋಗಿಬಿಟ್ಟ. ನಮ್ಮಲ್ಲಿ ಅಷ್ಟು ಎಳೆಯ ಕೂಸಿಗೆ ಮೂರನೇ ದಿನ ಗುಡ್ಡೆಗೆ ಬಿಡುವ ಹಾಲುತುಪ್ಪವಿಲ್ಲ, ತಿಥಿಯಿಲ್ಲ. ತೆಂಗಿನ ತೋಟದ ಮೂಲೆಯಲ್ಲಿ ಮಣ್ಣು ಮಾಡಿ ತಿರುಗಿ ನೋಡದೆ ಬರುವುದು, ಅಷ್ಟೇ. ಅವನ ಹೆಸರು ಕೇಳಿದರೆ ಸಾಕು, ನನ್ನ ಸೊಸೆ ಮಲ್ಲಿಕಾಂಬ ಎಚ್ಚರ ತಪ್ಪಿ ಬೀಳುತ್ತಿದ್ದಳು. ಅದಕ್ಕೇ ನಾನು ಕಟ್ಟಪ್ಪಣೆ ಮಾಡಿದೆ, ಈ ಮನೆಯಲ್ಲಿ ಇನ್ನು ಯಾರೂ ಆ ಹೆಸರು ಎತ್ತಬಾರದು ಅಂತ. ಎಲ್ಲರಿಗಿಂತ ಚೆನ್ನಾಗಿ ಅದನ್ನು ಪಾಲಿಸಿದವಳು ಸ್ಪೂರ್ತಿ. ತಮ್ಮನ ಹೆಸರಿನ ಜೊತೆಗೆ ಉಳಿದ ಮಾತನ್ನೂ ಬಿಟ್ಟಳು. ಕರೆದರೆ "ಹ್ಞೂ", ಕೊಟ್ಟರೆ ತಿಂದಳು, ಹೇಳಿದರೆ ಮಲಗಿದಳು. ಒಂಬತ್ತು ವರ್ಷದ ಮಗು ಕಣ್ಣೆದುರಿಗೇ ಕೈ ತಪ್ಪಿ ಹೋಗುತ್ತಿದೆ ಅಂತ ನನಗೆ ಒಳಗೊಳಗೇ ದಿಗಿಲು. ಆದರೆ ನಾನೇ ಹಾಕಿದ ಬೀಗ, ಬಿಚ್ಚುವುದು ಹೇಗೆ ಅಂತ ನನಗೇ ತಿಳಿಯದು.

ಊಟದ ಗಂಟೆ ಮುಗಿದ ಮೇಲೆ ಟೀಚರ್ ಹತ್ತಿರ ಜಗಳಕ್ಕೇ ಹೋದೆ.

"ಏನು ಮೇಡಂ, ಇಲ್ಲದ ಹೋತ ಸಾಯ್ಸಿ ಇರೋ ಮಕ್ಳನ್ನ ಅಳಿಸ್ತೀರಲ್ಲ! ಅದೊಂದು ಪಾಠವಾ?"

ಅತೀಯಾ ಟೀಚರ್‌ಗೆ ಕೋಪ ಬರಲಿಲ್ಲ. "ನಾನೂ ಐದನೇ ಕ್ಲಾಸಲ್ಲಿ ಇದನ್ನ ಓದಿ ಎರಡು ದಿನ ಊಟ ಬಿಟ್ಟಿದ್ದೆ ಪಾಪಮ್ಮ. ಅಮ್ಮಿ ಬೈದು ಬೈದು ಸಾಕಾಗಿದ್ರು. ಕತೆ ಸುಳ್ಳು ಅಂತ ಮಕ್ಳಿಗೂ ಗೊತ್ತು. ಅದಕ್ಕೇ ಅಷ್ಟು ಧೈರ್ಯವಾಗಿ ಅಳ್ತಾವೆ. ನಿಮ್ಮ ಸ್ಪೂರ್ತಿ ಅತ್ತಿದ್ದು ನೋಡಿದ್ರಾ?"

ಗೊಣಗಿಕೊಂಡು ಪಾತ್ರೆ ತೊಳೆಯಲು ಬಂದೆ. ಹಿಂದೆಯೇ ಸ್ಪೂರ್ತಿ ಬಂದು ಬಾಗಿಲಲ್ಲಿ ನಿಂತಳು.

"ಅಜ್ಜಿ, ನಾಡಿದ್ದಿಗೆ ಮೂರು ದಿನ ಆಯ್ತದೆ. ಹೋತಜ್ಜಂಗೆ ಹಾಲುತುಪ್ಪ ಬಿಡ್ಬೇಕು. ಎಲ್ರೂ ಮಾತಾಡ್ಕೊಂಡಿದೀವಿ."

"ಲೇ, ತಲೆ ಕೆಟ್ಟಿದ್ಯೇನೇ? ಪುಸ್ತಕದ ಹೋತಕ್ಕೆ ಹಾಲುತುಪ್ಪಾನಾ? ಎಲ್ಲಿ ಹೂತಿದೀರಿ, ನೂರಾ ಹತ್ತನೇ ಪುಟದಲ್ಲಾ?"

ಅವಳು ನೆಲ ನೋಡಿಕೊಂಡು ಹೇಳಿದಳು: "ತಮ್ಮಂಗೂ ಬಿಡ್ಲಿಲ್ಲ. ಇದಕ್ಕೂ ಬಿಡಲ್ವಾ?"

ಅಕ್ಕಿಮೂಟೆಯ ಮೇಲೆ ಕುಸಿದು ಕೂತೆ. ಏಳು ತಿಂಗಳು ಈ ಲೆಕ್ಕ ಆ ಪುಟ್ಟ ತಲೆಯೊಳಗೆ ಕೂತಿತ್ತೇ?

"ಬಿಡಾಣ ಕಣವ್ವ," ಅಂದೆ.

ಗುರುವಾರ ಟೀಚರ್ ತಮ್ಮ ಅಮ್ಮಿ ಕಾಯಿಸಿದ ತುಪ್ಪ ತಂದರು. ಹಾಲಿಗೆ ಶಾಲೆಯ ಪೌಡರ್ ಹಾಲೇ ಆಯಿತು. ಕಾಂಪೌಂಡಿನ ಮೂಲೆಯಲ್ಲಿ ಮಕ್ಕಳು ಮಣ್ಣಿನ ಗುಡ್ಡೆ ಮಾಡಿ ಅದರ ಮೇಲೆ ಹಲಸಿನ ಸೊಪ್ಪು, ಹುರುಳಿ, ಒಂದು ಪೆಪ್ಪರ್‌ಮೆಂಟು ಇಟ್ಟಿದ್ದವು. ಹೆಡ್‌ಮಾಸ್ಟರ್ ಷಣ್ಮುಖಪ್ಪನವರು ಓಡಿ ಬಂದರು.

"ಏನ್ರೀ ಪಾಪಮ್ಮ, ಶಾಲೇಲಿ ಇದೆಲ್ಲ ಅಪಶಕುನ ಅಲ್ವಾ?"

"ಮಕ್ಳು ಊಟ ಬಿಟ್ಟಿರೋದು ಶಕುನವಾ ಸಾರ್?" ಅಂದೆ. ಅವರು ಒಂದು ಕಡೆ ಸರಿದು ನಿಂತರು.

ಮಕ್ಕಳು ಒಬ್ಬೊಬ್ಬರಾಗಿ ಬಂದು ಗರಿಕೆಯಲ್ಲಿ ಹಾಲು, ತುಪ್ಪ ಬಿಟ್ಟರು. ಸ್ಪೂರ್ತಿಯ ಸರದಿ ಬಂತು. ಅವಳೂ ಬಿಟ್ಟಳು. ಆಮೇಲೆ, ಬೆಳಿಗ್ಗೆ ನಾನು ಬೇಯಿಸಿದ್ದ ಮೊಟ್ಟೆಗಳಲ್ಲಿ ಒಂದನ್ನು ಜೇಬಿನಿಂದ ತೆಗೆದು, ಸಿಪ್ಪೆ ಸುಲಿದು, ಗುಡ್ಡೆಯ ಪಕ್ಕದಲ್ಲಿ ಬೇರೆಯಾಗಿ ಒಂದು ಎಲೆ ಹಾಸಿ ಇಟ್ಟಳು.

"ಹೋತ ಎಲ್ಲಾದ್ರೂ ಮೊಟ್ಟೆ ತಿಂತದೇನೇ?" ಅಂದ ಭೈರೇಶ್.

"ಇದು ಹೋತಜ್ಜಂಗಲ್ಲ. ನಮ್ಮ ಯಶ್ವಿತ್‌ಗೆ."

ಹೇಳಿದವಳೇ ಬಾಯಿ ಮುಚ್ಚಿಕೊಂಡು ನನ್ನ ಮುಖ ನೋಡಿದಳು. ಹೊಡೆಯುತ್ತೇನೋ ಅಂತ ಹೆದರಿದ್ದಳು. ಒಡಹುಟ್ಟಿದವನ ಹೆಸರು ಹೇಳಿ ಆ ಮಗು ನನಗೆ ಹೆದರಿತಲ್ಲ! ನನ್ನ ಬಾಯಿಗಿಷ್ಟು ಮಣ್ಣು ಹಾಕ. ಕಾಪಾಡುತ್ತೇನೆ ಅಂದುಕೊಂಡು ಎಂಥಾ ಕೆಲಸ ಮಾಡಿಟ್ಟಿದ್ದೆ ನಾನು.

ಅವಳ ಪಕ್ಕ ಕೂತು ನಾನೂ ಗರಿಕೆ ಹಿಡಿದೆ. "ಯಶ್ವಿತಾ, ತಗೋ ಕಂದಾ. ಅಜ್ಜಿ ತಡ ಮಾಡ್ಬಿಟ್ಳು," ಅಂದೆ. ಸ್ಪೂರ್ತಿ ನನ್ನ ಸೆರಗಿಗೆ ಮುಖ ಒತ್ತಿಕೊಂಡು ಜೋರಾಗಿ ಅತ್ತಳು. ಅತ್ತರೆ ಅಳಲಿ ಅಂತ ಬೆನ್ನು ಸವರುತ್ತಾ ನಾನೂ ಅತ್ತೆ. ಅವತ್ತು ಮಕ್ಕಳು ಎರಡೆರಡು ಸಲ ಅನ್ನ ಹಾಕಿಸಿಕೊಂಡವು. ಊಟವಾದ ಮೇಲೆ ಟೀಚರ್ ಮುಂದಿನ ಅಧ್ಯಾಯ ಓದಿದರು. ಹೋತಜ್ಜನಿಲ್ಲದೆ ಆ ಇಬ್ಬರು ಮಕ್ಕಳು ಕಾಲ್ನಡಿಗೆಯಲ್ಲೇ ಬೆಟ್ಟ ಇಳಿಯತೊಡಗಿದ್ದರು.

ಸಂಜೆ ಮನೆಗೆ ಹೋದಾಗ ಮಲ್ಲಿಕಾಂಬ ಮೊರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನಿಧಾನವಾಗಿ ಹೇಳೋಣ ಅಂತ ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಗಿಲು ದಾಟುವ ಮೊದಲೇ ಸ್ಪೂರ್ತಿ ಹೇಳಿಬಿಟ್ಟಳು.

"ಅಮ್ಮಾ, ಯಶ್ವಿತ್‌ಗೆ ಹಾಲುತುಪ್ಪ ಬಿಟ್ವಿ. ನಾನು ಮೊಟ್ಟೆ ಇಟ್ಟೆ."

ಬಿದ್ದರೆ ಹಿಡಿದುಕೊಳ್ಳೋಣ ಅಂತ ನಾನು ಓಡಿದೆ. ಸೊಸೆ ಬೀಳಲಿಲ್ಲ. ಅವಳ ಕೈಯಲ್ಲಿದ್ದ ಕಾಯಿ ಜಾರಿ ಮೊರಕ್ಕೆ ಬಿತ್ತು. ಮಗಳ ಕಡೆ ತಿರುಗಿದಳು.

"ಇಡೀ ಮೊಟ್ಟೆ ಇಟ್ಯಾ?"

"ಹ್ಞೂ."

"ಅವನಿಗೆ ಬಿಳೀದು ಸೇರ್ತಿರ್ಲಿಲ್ಲ ಕಣೇ," ಅಂದಳು ಮಲ್ಲಿಕಾಂಬ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಹಳದೀದು ತಿಂದು ಬಿಳೀದನ್ನ ನನ್ನ ಬಾಯಿಗೆ ತುರುಕ್ತಿದ್ದ. ನಾನು ಒಬ್ಳೇ ದಿನಾ ನೆನೆಸ್ಕೊತೀನಿ. ನಿಮಗೆಲ್ಲ ಮರ್ತೇ ಹೋಗಿದ್ಯೇನೋ ಅನ್ಕೊಂಡಿದ್ದೆ ಅತ್ತೆ."

ನಾನು ಮೊರ ಆಚೆ ಸರಿಸಿ ಅವಳಿಗೆ ಒತ್ತಿಕೊಂಡು ಕೂತೆ. ಸ್ಪೂರ್ತಿ ನಮ್ಮಿಬ್ಬರ ನಡುವೆ ನುಗ್ಗಿದಳು.

"ಹೇಳವ್ವ," ಅಂದೆ, "ಇನ್ನೂ ಏನೇನು ಮಾಡ್ತಿದ್ದ, ಎಲ್ಲಾ ಹೇಳು."