ಬಾಟಲಿ ಮೇಲಿನ ಅಜ್ಜಿಗೆ ಶ್ರದ್ಧಾಂಜಲಿ

‘ಅಜ್ಜಿಯ ಕೈರುಚಿ’ ಎಂದು ಬರೆದ ಬಾಟಲಿ ಕಂಡರೆ ನಾನು ಮೊದಲು ಅದನ್ನು ತಿರುಗಿಸಿ ಹಿಂದಿನ ಸಣ್ಣಕ್ಷರ ಓದುತ್ತೇನೆ. ಅಜ್ಜಿ ಯಾವಾಗಲೂ ಮುಂದೆ ಇರುತ್ತಾಳೆ. ಗಂಜಿಪುಡಿ ಯಾವಾಗಲೂ ಹಿಂದೆ.

ನನ್ನ ಕಸುಬೇ ಇದು. ‘ಮುಚ್ಚಳ ತೆಗಿ’ ಎಂಬ ಬ್ಲಾಗು ನನ್ನದು. ಹೆಸರು ರಾಂಗೆಲ್, ಊರು ಯಾಂಬೊಲ್, ವಯಸ್ಸು ಇಪ್ಪತ್ನಾಲ್ಕು, ಶತ್ರುಗಳು ಲೆಕ್ಕವಿಲ್ಲ. ‘ದಣಿದ ಕೂದಲಿಗೆ’ ಅಂತ ಶಾಂಪೂ ಬಂದಾಗ, ಕೂದಲು ಯಾವ ಗಾರೆ ಕೆಲಸಕ್ಕೆ ಹೋಗಿತ್ತು ಎಂದು ಕೇಳಿದವನು ನಾನು. ಹಾಲೇ ಇಲ್ಲದ ಚೀಸನ್ನು ‘ಹಸುವಿಗೆ ಸ್ವಲ್ಪವೂ ತೊಂದರೆ ಕೊಡದ ಚೀಸ್’ ಎಂದು ಹೊಗಳಿದವನೂ ನಾನೇ. ಆ ಕಂಪನಿಯವರು ಅದನ್ನು ನಿಜವೆಂದು ನಂಬಿ ನನಗೆ ಧನ್ಯವಾದ ಬೇರೆ ಹೇಳಿದ್ದರು.

ಆದರೆ ಹೋದ ಜೂನ್‌ನಲ್ಲಿ ಸೂಪರ್‌ಮಾರ್ಕೆಟ್ಟಿನಲ್ಲಿ ಲ್ಯುತೆನಿತ್ಸ ಎಂಬ ನಮ್ಮ ಕೆಂಪು ಚಟ್ನಿಯ ಸಾಲಿನಲ್ಲಿ ಬಾಟಲಿ ತಿರುಗಿಸುವ ಮೊದಲೇ ನನ್ನ ಕೈ ನಿಂತುಹೋಯಿತು. ಮುಂದೆ ಇದ್ದ ಅಜ್ಜಿ ನನ್ನ ಅಜ್ಜಿ.

ತಲೆಗೆ ಹೂವಿನ ಶಾಲು, ಹಿಂದೆ ಮರದ ಗುಡಿಸಲು, ಪಕ್ಕದಲ್ಲಿ ಒಂದು ಮೇಕೆ. ಕೆಳಗೆ ‘ಸ್ತಮೆನಾ ಅಜ್ಜಿ – ಸೌದೆ ಒಲೆಯಲ್ಲಿ, ಪ್ರೀತಿಯಿಂದ’. ನನ್ನ ಅಜ್ಜಿ ಸ್ತಮೆನಾ ಇರುವುದು ಒಂಬತ್ತು ಮಹಡಿಯ ಕಟ್ಟಡದ ಆರನೇ ಮಹಡಿಯಲ್ಲಿ. ಮೂವತ್ತು ವರ್ಷ ರೈಲ್ವೆ ವರ್ಕ್‌ಶಾಪಿನಲ್ಲಿ ಕ್ರೇನ್ ಓಡಿಸಿದವಳು. ತಲೆಗೂದಲಿಗೆ ಬದನೆಕಾಯಿ ಬಣ್ಣ ಹಾಕುತ್ತಾಳೆ. ಮೇಕೆ ಕಂಡರೆ ಎದುರಿನ ಫುಟ್‌ಪಾತಿಗೆ ಹೋಗುತ್ತಾಳೆ.

ಬಾಟಲಿ ತಿರುಗಿಸಿದೆ. ಟೊಮ್ಯಾಟೊ ಪೇಸ್ಟು, ಸೇಬಿನ ತಿರುಳು, ನೀರು, ಗಂಜಿಪುಡಿ, ಸಕ್ಕರೆ. ದೊಣ್ಣೆಮೆಣಸಿನಕಾಯಿ ಕೊನೆಗೆ, ಬಸ್ಸಿಗೆ ತಡವಾಗಿ ಬಂದು ಬಾಗಿಲಲ್ಲಿ ನೇತುಬಿದ್ದವನ ಹಾಗೆ.

ಮನೆಗೆ ಬಂದು ಬಾಟಲಿಯನ್ನು ಮೇಜಿನ ಮೇಲಿಟ್ಟೆ.

“ಅಜ್ಜಿ, ಮೇಕೆ ಯಾವಾಗ ತಗೊಂಡೆ?”

ಅಜ್ಜಿ ಕನ್ನಡಕ ಹುಡುಕಿದಳು. ನೋಡಿದಳು. ಮತ್ತೆ ನೋಡಿದಳು.

“ಆ ಕಳ್ ನನ್ಮಗ!” ಎಂದಳು. “ಹೋದ್ ಸೆಪ್ಟೆಂಬರ್‌ನಲ್ಲಿ ಕೆಳಗೆ ಮೆಣಸಿನಕಾಯಿ ಸುಡ್ತಾ ಇದ್ವಲ್ಲ, ಆಗ ಬಂದಿದ್ದ. ಕ್ಯಾಮೆರಾ ಇಟ್ಕೊಂಡು. ‘ಸಂಪ್ರದಾಯ ಉಳಿಸ್ತಾ ಇದೀವಿ ಅಮ್ಮ, ಒಂದ್ ಫೋಟೋ’ ಅಂದ. ಶಾಲು ಅವ್ನೇ ತಂದಿದ್ದ.”

“ಸಹಿ ಹಾಕಿದ್ಯಾ?”

“ಕೈಯೆಲ್ಲ ಮೆಣಸಿನ ಮಸಿ ಕಣೋ. ಕನ್ನಡಕ ಮೇಲೆ ಮನೇಲಿತ್ತು. ಇಲ್ಲಿ ಅಂತ ಬೆರಳು ತೋರಿಸ್ದ, ಗೀಚಿದೆ.”

ನಮ್ಮ ಕಟ್ಟಡದಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ಒಂದು ಯಜ್ಞ ನಡೆಯುತ್ತದೆ. ಹೆಂಗಸರೆಲ್ಲ ಸೇರಿ ಅಂಗಳದಲ್ಲಿ ಮೂಟೆಗಟ್ಟಲೆ ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಟೊಮ್ಯಾಟೊ ಜೊತೆ ಅರೆದು, ದೊಡ್ಡ ಕೊಪ್ಪರಿಗೆಯಲ್ಲಿ ದಿನವಿಡೀ ಕುದಿಸುತ್ತಾರೆ. ಮರದ ಸೌಟನ್ನು ಕೊಪ್ಪರಿಗೆಯ ತಳದಲ್ಲಿ ಎಳೆದಾಗ ರಸ್ತೆ ಬಿದ್ದು, ಆ ರಸ್ತೆ ಮುಚ್ಚಿಕೊಳ್ಳದೆ ನಿಂತರೆ ಲ್ಯುತೆನಿತ್ಸ ಆಯಿತು ಎಂದರ್ಥ. ಆಯಿತೋ ಇಲ್ಲವೋ ಎಂದು ಹೇಳುವವರು ಒಬ್ಬರೇ. ಇಪ್ಪತ್ತೆಂಟು ವರ್ಷದಿಂದ ಆ ಸೌಟು ಸ್ತಮೆನಾ ಕೈಯಲ್ಲಿದೆ.

ಬಾಟಲಿ ಅಂಗಡಿಗೆ ಬಂದ ವಾರವೇ ಕಟ್ಟಡದ ಹೆಂಗಸರು ಬೆಂಚಿನ ಮೇಲೆ ಕೋರ್ಟು ನಡೆಸಿದರು. ನ್ಯಾಯಾಧೀಶೆ ಎರಡನೇ ಮಹಡಿಯ ಗಿನ್ಕಾ.

“ಏನಮ್ಮ ಸ್ಟಾರು, ಇಳಿದ್ ಬಂದ್ಬಿಟ್ಟೆ? ಮೇಕೆಗೆ ಹುಲ್ಲು ಹಾಕಿದ್ಯಾ?” ಎಂದಳು ಗಿನ್ಕಾ.

“ನಂಗೆ ಗೊತ್ತಿರ್ಲಿಲ್ಲ ಕಣೆ ಗಿನ್ಕಾ.”

“ಗೊತ್ತಿರ್ಲಿಲ್ವಂತೆ! ನನ್ನ ಮೊಮ್ಮಗಳು ನಿನ್ನ ಬಾಟಲಿ ತಂದು ತಿಂದ್ಲು. ಗೋಡೆಗೆ ಪೋಸ್ಟರ್ ಅಂಟಿಸೋ ಗೋಂದು ಇದಕ್ಕಿಂತ ಚೆನ್ನಾಗಿರುತ್ತೆ. ನಿನ್ನ ಮುಖ ಆ ಗೋಂದಿನ ಮೇಲಿರೋವರ್ಗೂ ಸೌಟು ನಿನ್ನ ಕೈಗಿಲ್ಲ. ಈ ವರ್ಷ ನಾನ್ ಹಿಡೀತೀನಿ.”

ಬೆಂಚು ಒಪ್ಪಿತು. ಅಜ್ಜಿ ಮಾತಾಡದೆ ಲಿಫ್ಟ್ ಹತ್ತಿದಳು. ತಾತ ತೀರಿಕೊಂಡಾಗಲೂ ಮಾತಾಡಿದವಳು ಅವಳು. ಪಾದ್ರಿಗೆ ಮಂತ್ರ ಬೇಗ ಮುಗಿಸಿ ಅಂದಿದ್ದಳು. ಆವತ್ತು ಮಾತ್ರ ಅಡುಗೆಮನೆಯಲ್ಲಿ ಕೂತು ಕಿಟಕಿಯಿಂದ ಕೊಪ್ಪರಿಗೆ ಇಡುವ ಜಾಗ ನೋಡಿದಳು.

“ರಾಂಗೆಲ್, ಸೆಪ್ಟೆಂಬರ್ ಒಳಗೆ ಆ ಮುಖ ತೆಗೆಸು” ಎಂದಳು. ಅಷ್ಟೇ.

ಕಂಪನಿಯ ಹೆಸರು ನಾನು ಬರೆಯುವುದಿಲ್ಲ. ಪುಕ್ಕಟೆ ಜಾಹೀರಾತು ಯಾಕೆ? ಊರಾಚೆ ಅವರ ಫ್ಯಾಕ್ಟರಿ. ಮಾರ್ಕೆಟಿಂಗ್ ಮ್ಯಾನೇಜರ್ ಕಲಿನ್ ಸರಾಫೋವ್ ನನ್ನನ್ನು ಗಾಜಿನ ಕೋಣೆಯಲ್ಲಿ ಕೂರಿಸಿದ. ಶೂ ಹಾಕಿದ್ದ, ಸಾಕ್ಸ್ ಇರಲಿಲ್ಲ. ಗೋಡೆಯ ಮೇಲೆ ‘ಪ್ರಾಮಾಣಿಕತೆಯೇ ನಮ್ಮ ಮಸಾಲೆ’ ಎಂಬ ಬೋರ್ಡು. ಬಾಟಲಿಯ ಹಿಂದಿನ ಪಟ್ಟಿಯಲ್ಲಿ ಆ ಮಸಾಲೆ ಇರಲಿಲ್ಲ, ನಾನು ನೋಡಿದ್ದೆ.

“ನೋಡಿ ಬ್ರದರ್, ನಾವು ನಿಮ್ಮಜ್ಜೀನ ಮಾರ್ತಾ ಇಲ್ಲ. ಒಂದು ಭಾವನೆ ಮಾರ್ತಾ ಇದೀವಿ” ಎಂದ.

“ಭಾವನೆಗೆ ಗಂಜಿಪುಡಿ ಯಾಕೆ ಸರ್?”

“ಗಟ್ಟಿ ಬರ್ಬೇಕಲ್ಲ.”

“ನಮ್ಮಜ್ಜಿ ಕುದಿಸಿ ಗಟ್ಟಿ ಮಾಡ್ತಾಳೆ.”

“ದಿನವಿಡೀ ಕುದಿಸಿದ್ರೆ ಗ್ಯಾಸ್ ಬಿಲ್ಲು ಯಾರಪ್ಪ ಕಟ್ತಾರೆ?” ಎಂದು ನಕ್ಕು ಕಾಗದ ತೆಗೆದ. “ಇಲ್ಲಿ ಓದಿ. ‘ಒಪ್ಪಿಗೆ ಕೊಟ್ಟವರು ಬದುಕಿರುವವರೆಗೂ ಈ ಒಪ್ಪಿಗೆ ಊರ್ಜಿತ. ನಂತರ ವಾರಸುದಾರರ ಹೊಸ ಒಪ್ಪಿಗೆ ಬೇಕು.’ ನಮ್ಮ ಲಾಯರ್ ತುಂಬ ಮಾನವೀಯ ಮನುಷ್ಯ. ಸತ್ತೋರ ಬಗ್ಗೇನೂ ಯೋಚ್ನೆ ಮಾಡಿದಾರೆ. ಅಜ್ಜಿ ನೂರು ವರ್ಷ ಬಾಳ್ಲಿ, ಬಾಟಲೀನೂ ಬಾಳುತ್ತೆ.”

ಹೊರಗೆ ಬಂದಾಗ ಬಸ್ ನಿಲ್ದಾಣದ ಕಂಬದಲ್ಲಿ ನಮ್ಮೂರಿನ ಎಲ್ಲ ಕಂಬಗಳಲ್ಲಿ ಇರುವುದೇ ಇತ್ತು: ಸಾವಿನ ಚೀಟಿ. ಯಾರು ಸತ್ತರೂ ನಮ್ಮಲ್ಲಿ ಫೋಟೋ ಹಾಕಿದ ಚೀಟಿಯನ್ನು ಬಾಗಿಲು, ಕಂಬ, ಮರ ಎಲ್ಲ ಕಡೆ ಅಂಟಿಸುತ್ತೇವೆ. ಸತ್ತಾಗ ಒಂದು, ನಲವತ್ತನೇ ದಿನ ಒಂದು, ಆರು ತಿಂಗಳಿಗೆ ಒಂದು, ಆಮೇಲೆ ವರ್ಷ ವರ್ಷ. ಚೀಟಿಯಲ್ಲಿ ಒಬ್ಬ ಮುದುಕ ನನ್ನನ್ನೇ ನೋಡುತ್ತಿದ್ದ. ‘ಏನ್ ನೋಡ್ತೀಯೋ, ಐಡಿಯಾ ಬರ್ಲಿಲ್ವಾ?’ ಎಂದ ಹಾಗಾಯಿತು.

ಬಂತು. ಹಿನ್ನೆಲೆ ಸಂಗೀತದ ಸಮೇತ ಬಂತು.

ಅಜ್ಜಿಗೆ ಹೇಳಿದೆ. ಚಪ್ಪಲಿ ಹುಡುಕುತ್ತಾಳೆ ಅಂದುಕೊಂಡಿದ್ದೆ. ಅವಳು ಕನ್ನಡಕ ಹುಡುಕಿದಳು.

“ಏನಂತ ಬರೀತೀಯಾ? ಓದು.”

“‘ನಮ್ಮ ಪ್ರೀತಿಯ ಸ್ತಮೆನಾ ಅಜ್ಜಿ ನಮ್ಮನ್ನಗಲಿದ್ದಾರೆ. ಅವರ ಕೈರುಚಿ ನಮ್ಮೊಡನೆ ಸದಾ ಇರಲಿ.’”

“ಒಣಕಲು. ‘ಶ್ರಮಜೀವಿ’ ಹಾಕು. ‘ಇಡೀ ವರ್ಕ್‌ಶಾಪಿನ ಕಣ್ಮಣಿ’ ಹಾಕು. ಫೋಟೋ ಮಾತ್ರ ನನ್ನ ಕೆಂಪು ಕೋಟಿಂದು ಹಾಕೋ, ಚೆನ್ನಾಗ್ ಬಂದಿದೆ.”

“ಇಲ್ಲ ಅಜ್ಜಿ, ಬಾಟಲಿ ಮೇಲಿರೋ ಫೋಟೋನೇ ಹಾಕ್ಬೇಕು.”

“ಸತ್ ಮೇಲೂ ಆ ಶಾಲಾ?” ಎಂದು ಮೂಗು ಮುರಿದಳು. “ಸರಿ ಬಿಡು. ಮೇಕೆ ಕತ್ತರಿಸು.”

ಮಾರನೆಯ ಬೆಳಿಗ್ಗೆ ನೂರಿಪ್ಪತ್ತು ಚೀಟಿ ಅಂಟಿಸಿದೆ. ಫ್ಯಾಕ್ಟರಿ ಬಸ್ ನಿಲ್ದಾಣ, ಆರು ಸೂಪರ್‌ಮಾರ್ಕೆಟ್ಟುಗಳ ಬಾಗಿಲು, ಚರ್ಚಿನ ಗೇಟು. ಸರಾಫೋವ್‌ನ ಕಾರು ನಿಲ್ಲುವ ಜಾಗದ ಕಂಬಕ್ಕೆ ಮೂರು. ಒಂದೊಂದಕ್ಕೂ ಗೋಂದು ಸವರುವಾಗ ಗಿನ್ಕಾ ನೆನಪಾದಳು.

ಎರಡನೇ ದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಕಿಂಡಿಯಲ್ಲಿ ನೋಡಿದರೆ ಗಿನ್ಕಾ. ಕೈಯಲ್ಲಿ ಸತ್ತವರ ಹೆಸರಲ್ಲಿ ಹಂಚುವ, ಸಕ್ಕರೆ ಉದುರಿಸಿದ ಬೇಯಿಸಿದ ಗೋಧಿ, ನಾಲ್ಕು ಕಾರ್ನೇಷನ್ ಹೂವು. ಸಮಸಂಖ್ಯೆಯ ಹೂವು ನಾವು ಕೊಡುವುದು ಸತ್ತವರಿಗೆ ಮಾತ್ರ. ಮಗಳ ಮನೆಗೆ ಹೋಗಿದ್ದವಳು, ದಾರಿಯಲ್ಲಿ ಚೀಟಿ ನೋಡಿದ್ದಳು. ಅಜ್ಜಿ ಅಡುಗೆಮನೆಗೆ ಓಡಿ ಬಾಗಿಲ ಹಿಂದೆ ನಿಂತಳು.

“ರಾಂಗೆಲ್, ಮಗನೇ!” ಎಂದು ಗಿನ್ಕಾ ನನ್ನ ಕೊರಳು ಹಿಡಿದು ಅತ್ತಳು. “ನಾನೇ ಸಾಯಿಸ್ದೆ ಕಣೋ ಅವ್ಳನ್ನ! ಸೌಟು ಕಿತ್ಕೊಂಡೆ. ಎದೆ ಒಡ್ಕೊಂಡ್ಲು. ಈಗ ಯಾರೋ ಹೇಳೋರು ಆಯ್ತು ಅಂತ? ನಂಗೇನ್ ಗೊತ್ತಾಗುತ್ತೆ? ತೊಂಬತ್ತೆಂಟರಲ್ಲಿ ಅವ್ಳು ಆಸ್ಪತ್ರೇಲಿದ್ದಾಗ ನಾನ್ ಮಾಡಿದ್ದೆ. ತಳ ಹಿಡೀತು. ಎಲ್ಲಾರ್ಗೂ ಒಲೆ ಸರಿಯಿಲ್ಲ ಅಂತ ಸುಳ್ ಹೇಳ್ದೆ!”

ಅಡುಗೆಮನೆಯಿಂದ ಕೂಗು ಬಂತು.

“ನಂಗಾಗ್ಲೇ ಗೊತ್ತಿತ್ತು ಕಣೇ ಒಲೆ ಸರಿಯಿತ್ತು ಅಂತ!”

ಗಿನ್ಕಾ ಕೈಯಿಂದ ಗೋಧಿ ತಟ್ಟೆ ಬಿತ್ತು. ಶಿಲುಬೆ ಗುರುತು ಮೂರು ಸಲ ಹಾಕಿಕೊಂಡಳು. ಅಜ್ಜಿ ಹೊರಗೆ ಬಂದಾಗ ಗಿನ್ಕಾ ಅದೇ ನಾಲ್ಕು ಕಾರ್ನೇಷನ್ನಿನಿಂದ ಅವಳ ಬೆನ್ನಿಗೆ ಬಾರಿಸಿದಳು. ಆಮೇಲೆ ಇಬ್ಬರೂ ಕಾಫಿ ಕುಡಿದರು. ಆದರೂ ಗಿನ್ಕಾ ಗಿನ್ಕಾನೇ.

“ಬದುಕಿದ್ದೀಯಲ್ಲ, ಸಂತೋಷ. ಸೌಟಿನ ವಿಷ್ಯ ಮಾತ್ರ ಬೇರೆ. ಮುಖ ಹೋಗ್ಬೇಕು. ಬೆಂಚಿನೋರಿಗೆ ನಾನೇನ್ ಹೇಳ್ಲಿ?”

ನಾಲ್ಕನೇ ದಿನ ಸರಾಫೋವ್ ಬಂದ. ಕಪ್ಪು ಕೋಟು, ಈ ಸಲ ಸಾಕ್ಸ್ ಕೂಡ ಇತ್ತು. ಕೈಯಲ್ಲಿ ಒಂದು ಪೆಟ್ಟಿಗೆ. ಅಜ್ಜಿ ಮತ್ತೆ ಬಾಗಿಲ ಹಿಂದೆ. ಜೊತೆಗೆ ಗಿನ್ಕಾ. ಅವಳು ಟಿಕೆಟ್ ತಗೊಂಡವಳ ಹಾಗೆ ಸ್ಟೂಲ್ ಎಳೆದುಕೊಂಡಿದ್ದಳು. ನನ್ನ ಫೋನು ಬ್ರೆಡ್ಡಿನ ಡಬ್ಬಕ್ಕೆ ಒರಗಿ ರೆಕಾರ್ಡ್ ಮಾಡುತ್ತಿತ್ತು.

“ದೇವರು ಅವರನ್ನ ಕ್ಷಮಿಸ್ಲಿ” ಎಂದು ಸರಾಫೋವ್ ಎರಡು ಸೆಕೆಂಡು ತಲೆ ತಗ್ಗಿಸಿದ. ಮೂರನೇ ಸೆಕೆಂಡಿಗೆ ಪೆಟ್ಟಿಗೆ ತೆರೆದ. “ನೋವಲ್ಲಿದೀರ, ಗೊತ್ತು. ಅದಕ್ಕೇ ನೋವಿಗೆ ಒಂದು ರೂಪ ಕೊಟ್ಟಿದೀವಿ.”

ಒಳಗೆ ಅದೇ ಬಾಟಲಿ. ಅಜ್ಜಿಯ ಫೋಟೋದ ಮೂಲೆಗೆ ಕಪ್ಪು ರಿಬ್ಬನ್. ‘ನೆನಪಿನ ಆವೃತ್ತಿ. ಶೇಕಡಾ ಇಪ್ಪತ್ತು ಹೆಚ್ಚು.’

“ಏನು ಹೆಚ್ಚು?” ಎಂದೆ.

“ಪ್ರಮಾಣ. ಅಜ್ಜಿಯ ಪ್ರೀತಿ ಜಾಸ್ತಿ ಅಲ್ವಾ, ಅದಕ್ಕೆ. ನಲವತ್ತನೇ ದಿನದ ಊಟಕ್ಕೆ ನಾವೇ ಇನ್ನೂರು ಬಾಟಲಿ ಕಳಿಸ್ತೀವಿ, ಬಂದೋರಿಗೆಲ್ಲ ಹಂಚಿ. ನೀವು ವಾರಸುದಾರರಾಗಿ ಇಲ್ಲೊಂದು ಸಹಿ ಹಾಕಿ. ಹಳೇ ಒಪ್ಪಿಗೆ ಅಜ್ಜಿ ಜೊತೇನೇ ಹೋಯ್ತು ನೋಡಿ.”

“ಹೋಯ್ತಾ?”

“ಕಾನೂನು ಪ್ರಕಾರ ಪೂರ್ತಿ ಹೋಯ್ತು.”

ಇಲ್ಲಿ ನಾಯಕ ಎದ್ದು ನಿಂತು ಡೈಲಾಗ್ ಹೊಡೆಯಬೇಕು. ನಾನು ಎರಡು ದಿನದಿಂದ ಕನ್ನಡಿ ಮುಂದೆ ತಯಾರಿ ಮಾಡಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯ ಬಾಗಿಲು ತೆರೆಯಿತು. ಕೆಂಪು ಕೋಟು ಹಾಕಿಕೊಂಡು, ಹೊಸದಾಗಿ ಬದನೆಕಾಯಿ ಬಣ್ಣ ಬಳಿದ ತಲೆಯೊಂದಿಗೆ ಅಜ್ಜಿ ನಿಂತಿದ್ದಳು. ಕೈಯಲ್ಲಿ ಚಮಚ.

“ಬಾರಪ್ಪ ಮಾನವೀಯ ಮನುಷ್ಯ. ನನ್ನ ತಿಥಿ ಊಟ ಮೊದ್ಲು ನೀನೇ ತಿನ್ನು.”

ಸರಾಫೋವ್ ಮುಖದ ಬಣ್ಣ ಕಳೆದುಕೊಂಡ. ಬೇಗ ವಾಪಸ್ಸೂ ಪಡೆದ. ಅವನು ಬುದ್ಧಿವಂತ, ಅದನ್ನು ಒಪ್ಪಬೇಕು.

“ಓಹೋ! ಬದುಕಿದೀರಾ? ಬಹಳ ಸಂತೋಷ ಅಮ್ಮ. ಹಾಗಿದ್ರೆ ಹಳೇ ಒಪ್ಪಿಗೆ ಊರ್ಜಿತ. ಯಾವ ಸಹೀನೂ ಬೇಡ. ಬರ್ತೀನಿ.”

ಇಷ್ಟು ದೊಡ್ಡ ಕಥೆ ಕಟ್ಟಿದ ನಾನು ಇದೊಂದನ್ನು ಯೋಚಿಸಿರಲಿಲ್ಲ. ಅಜ್ಜಿ ಸತ್ತಿದ್ದರೆ ಮುಖ ನಮ್ಮದು, ಬದುಕಿದ್ದರೆ ಅವರದ್ದು.

ಅಜ್ಜಿ ಮಾತ್ರ ಕುರ್ಚಿ ಎಳೆದು ಆರಾಮಾಗಿ ಕೂತಳು.

“ಊರ್ಜಿತ ಆಗ್ಲಪ್ಪ. ಇಟ್ಕೋ ನನ್ನ ಮುಖ. ಸೂಪರ್‌ಮಾರ್ಕೆಟ್ಟಿಗೆ ಹೋಗಿದ್ಯಾ ಈ ವಾರ?”

ಸರಾಫೋವ್ ಬಾಗಿಲ ಹಿಡಿಗೆ ಚಾಚಿದ್ದ ಕೈ ಹಿಂದೆ ತಗೊಂಡ.

“ನಾನ್ ಹೋಗಿದ್ದೆ, ಕಪ್ಪು ಕನ್ನಡಕ ಹಾಕ್ಕೊಂಡು. ಬಾಗಿಲಲ್ಲಿ ಚೀಟಿ, ಒಳಗೆ ಬಾಟಲಿ, ಎರಡರಲ್ಲೂ ಒಂದೇ ಫೋಟೋ. ಬಾಟಲಿ ಎತ್ಕೊಂಡೋರು ಶಿಲುಬೆ ಗುರುತು ಹಾಕಿ ವಾಪಸ್ ಇಡ್ತಾರೆ. ಸತ್ತೋಳ ಚೀಟೀನ ಯಾರಪ್ಪ ಊಟದ ಮೇಜಿನ ಮೇಲೆ ಇಡ್ತಾರೆ? ಅದು ಸಾಲ್ದು ಅಂತ ನೀನು ರಿಬ್ಬನ್ ಬೇರೆ ಕಟ್ಟಿದೀಯ.”

“ಅದು ಸೋಫಿಯಾದಲ್ಲಿರೋ ಹೆಡ್ಡಾಫೀಸಿನೋರ ಐಡಿಯಾ” ಎಂದ ಸರಾಫೋವ್, ಸಣ್ಣ ದನಿಯಲ್ಲಿ.

“ಇದು ಮೊದಲನೇ ಚೀಟಿ. ನಲವತ್ತನೇ ದಿನಕ್ಕೆ ಇನ್ನೊಂದು ಸಲ. ಆರು ತಿಂಗಳಿಗೆ, ವರ್ಷಕ್ಕೆ. ನಮ್ಮ ರಾಂಗೆಲ್‌ಗೆ ಬೇರೆ ಕೆಲ್ಸ ಇಲ್ಲ. ಬದುಕಿರೋರ ಮೇಲೆ ನಿಮ್ಮ ಲಾಯರನ್ನ ಬಿಡ್ತೀರ. ನೆನಪಿಸ್ಕೊಳ್ಳೋರ ಮೇಲೆ ಯಾರನ್ನ ಬಿಡ್ತೀರ?”

“ಸುಳ್ಳು ಚೀಟಿ ಅಂಟಿಸೋದು ಅಪರಾಧ ಅಮ್ಮ!”

“ಮೇಕೆ?” ಎಂದಳು ಅಜ್ಜಿ.

ಸ್ಟೂಲಿನ ಮೇಲಿಂದ ಗಿನ್ಕಾ ಚಪ್ಪಾಳೆ ಹೊಡೆದಳು. ನಾನು ಬ್ರೆಡ್ಡಿನ ಡಬ್ಬದ ಕಡೆ ಬೆರಳು ತೋರಿಸಿದೆ. ಅವನಿಗೆ ಫೋನು ಆಗ ಕಂಡಿತು. ಇಪ್ಪತ್ತು ಪರ್ಸೆಂಟ್ ಪ್ರೀತಿ, ತಿಥಿಯ ಊಟಕ್ಕೆ ಇನ್ನೂರು ಬಾಟಲಿ, ಎಲ್ಲವೂ ಅದರಲ್ಲಿತ್ತು. ಅಜ್ಜಿ ಬಾಟಲಿಯ ಮುಚ್ಚಳ ತೆಗೆದು ಚಮಚ ತುಂಬಿಸಿ ಚಾಚಿದಳು. ಅವನು ಚಮಚ ನೋಡಿದ, ಫೋನು ನೋಡಿದ.

“ನಾನು ಇದನ್ನ ತಿನ್ನಲ್ಲ” ಎಂದ. ಅವನು ನಮ್ಮ ಮನೆಯಲ್ಲಿ ಆಡಿದ ಏಕೈಕ ಪ್ರಾಮಾಣಿಕ ಮಾತು ಅದು.

ನಮ್ಮ ಮೇಜಿನ ಮೇಲೆಯೇ ಬರೆದುಕೊಟ್ಟ: ಮುಖ, ಹೆಸರು ಎರಡನ್ನೂ ಆಗಸ್ಟ್ ಮುಗಿಯುವುದರೊಳಗೆ ತೆಗೆಯುತ್ತೇವೆ. ಈ ಸಲ ಅಜ್ಜಿ ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಓದಿ, ಒಂದು ಕಡೆ ತಿದ್ದಿಸಿ, ಆಮೇಲೆ ಸಹಿ ಹಾಕಿದಳು. ನಾನು ಹೋಗಿ ಚೀಟಿಗಳನ್ನೆಲ್ಲ ಕಿತ್ತೆ. ಹನ್ನೊಂದು ಸಿಗಲಿಲ್ಲ. ಇವತ್ತಿಗೂ ಸಂತೆಯಲ್ಲಿ ಅಜ್ಜಿಯನ್ನು ಕಂಡು ಒಂದಿಬ್ಬರು ದಾರಿ ಬಿಡುತ್ತಾರೆ. ಅವಳು ನೇರ ಸಾಲಿನ ಮುಂದೆ ಹೋಗಿ ನಿಲ್ಲುತ್ತಾಳೆ.

ಬಾಟಲಿಯ ಮೇಲೆ ಈಗ ಕಂಪ್ಯೂಟರ್ ಬರೆದ ಅಜ್ಜಿ ಇದ್ದಾಳೆ. ಹಲ್ಲೆಲ್ಲ ಬೆಳ್ಳಗೆ, ಒಂದು ಕೈಗೆ ಆರು ಬೆರಳು. ಅವಳಿಗೆ ಕನ್ನಡಕ ಬೇಡ, ಸಹಿ ಬೇಡ, ಸಾವೂ ಇಲ್ಲ. ಅಂಥ ಅಜ್ಜಿಯೇ ಆ ಕಂಪನಿಗೆ ತಕ್ಕವಳು. ಮೇಕೆ ಮಾತ್ರ ಅದೇ.

ಸೆಪ್ಟೆಂಬರ್ ಎರಡನೇ ಶನಿವಾರ ಅಂಗಳದಲ್ಲಿ ಕೊಪ್ಪರಿಗೆ ಏರಿತು. ಮಧ್ಯಾಹ್ನ ಕಳೆದರೂ ಗಿನ್ಕಾ ಸೌಟು ಬಿಡಲಿಲ್ಲ. ಕಲಕುವುದು ಯಾರು ಬೇಕಾದರೂ ಕಲಕಬಹುದು ಎಂದು ಅಜ್ಜಿ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದಳು. ನಾಲ್ಕು ಗಂಟೆಗೆ ಗಿನ್ಕಾ ಹಣೆ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಸೌಟು ಚಾಚಿದಳು.

“ತಗೋ ಹೆಣವೇ. ಆಯ್ತಾ ನೋಡು.”

ಅಜ್ಜಿ ಎದ್ದು ಬಂದಳು. ಸೌಟನ್ನು ತಳಕ್ಕೆ ಊರಿ ಉದ್ದಕ್ಕೆ ಎಳೆದಳು. ಕೆಂಪಿನ ನಡುವೆ ರಸ್ತೆ ಬಿತ್ತು. ಎಲ್ಲರೂ ಬಗ್ಗಿದರು. ರಸ್ತೆ ನಿಧಾನವಾಗಿ ಮುಚ್ಚಿಕೊಂಡಿತು.

“ಇನ್ನೂ ಒಂದ್ ಗಂಟೆ” ಎಂದಳು ಅಜ್ಜಿ. ಸೌಟನ್ನು ಮಾತ್ರ ವಾಪಸ್ ಕೊಡಲಿಲ್ಲ.