ಎಡೆಯ ಮುಂದಿನ ಸೀರೆ

ಮಹಾಲಯ ಅಮಾವಾಸ್ಯೆಯ ದಿನ ಶ್ರೀವಿದ್ಯಾ ನಮ್ಮ ಮನೆಗೆ ಬಂದಳು. ಮತ್ತಿಗಿರಿಯ ನಮ್ಮ ಬೀದಿಗೆ ಅಷ್ಟು ದೊಡ್ಡ ಕಾರು ಬಂದದ್ದನ್ನು ಕಂಡು ಪಕ್ಕದ ಮನೆಯ ಅಂಜಿನಮ್ಮ ಕಾಂಪೌಂಡಿನಿಂದಲೇ ಕೂಗಿದಳು:

"ಏನ್ ಜಯರಾಮಣ್ಣ, ಈ ಸಲ ನಿಮ್ ಹಿರೀಕ್ರು ಕಾರ್ನಾಗೇ ಬಂದ್ಬುಟ್ರಾ?"

ನನಗೆ ನಗು ಬರಲಿಲ್ಲ. ಸಿಟ್ಟೂ ಬರಲಿಲ್ಲ.

ಶ್ರೀವಿದ್ಯಾ ಕೃಷ್ಣಗಿರಿಯ ಗ್ರಾನೈಟ್ ಕ್ವಾರಿ ಮಾಲೀಕರ ಮಗಳು. ತಂದೆ ಬೆಂಗಳೂರಿನಲ್ಲಿ ಅವಳಿಗೆ ಬಟ್ಟೆಯ ಅಂಗಡಿ ಹಾಕಿಕೊಟ್ಟಿದ್ದರು. ಸಿನಿಮಾದವರು ಅವಳ ಸೀರೆ ಉಡುತ್ತಿದ್ದರು. ಪತ್ರಿಕೆಯಲ್ಲಿ ಅವಳ ಚಿತ್ರ ಬರುತ್ತಿತ್ತು. ಆ ಸೀರೆಗಳಿಗೆ ಕಸೂತಿ ಹಾಕುತ್ತಿದ್ದವಳು ನಮ್ಮ ಮಗಳು ಕೋಮಲಾ.

ಒಂದು ಫ್ಯಾಷನ್ ಷೋನಲ್ಲಿ ವೇದಿಕೆಯ ಮೇಲೆಯೇ ಒಬ್ಬ ಹುಡುಗಿಯ ರವಿಕೆ ಬಿರಿಯಿತು. ಹಿಂದಿನ ದಿನ ಅದನ್ನು ಬಿಗಿ ಮಾಡಿಸಿದವಳು ಶ್ರೀವಿದ್ಯಾ, ಬೇಡವೆಂದವಳು ಕೋಮಲಾ. ಆದರೆ ಪತ್ರಿಕೆಯವರಿಗೆ ಶ್ರೀವಿದ್ಯಾ ಕೋಮಲಾಳ ಹೆಸರು ಹೇಳಿ, ತಪ್ಪು ಅವಳದೆಂದಳು. ನಮ್ಮ ಮಗಳ ಹೆಸರು ಅಚ್ಚಾದದ್ದು ಅದೊಂದೇ ಸಲ. ಆಮೇಲೆ ಅವಳನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಮನೆಯಲ್ಲಿ ಕುಳಿತು ಒಂದು ಕೆನೆಬಣ್ಣದ ರೇಷ್ಮೆ ಸೀರೆಗೆ ಮಾವಿನ ಚಿಗುರಿನ ಕಸೂತಿ ಹಾಕಿದಳು. ಅದರ ಫೋಟೋ ತೆಗೆದು ಶ್ರೀವಿದ್ಯಾಳಿಗೆ ಕಳಿಸಿದಳು. ಉತ್ತರ ಬರಲಿಲ್ಲ. ಜ್ವರ ಬಂತು. ಭಗವಂತ ಕರೆದುಕೊಂಡ.

ಈಗ ಆ ಸೀರೆ ಕೋಮಲಾಳ ಚಿತ್ರದೆದುರು ಎಡೆಯ ಪಕ್ಕದಲ್ಲಿತ್ತು. ಎಡೆಗಿಟ್ಟ ಹೊಸ ಬಟ್ಟೆಯನ್ನು ಮನೆಯವರೇ ಉಡಬೇಕು. ಅದನ್ನು ನನ್ನ ಹೆಂಡತಿ ಹನುಮಕ್ಕ ಉಡುವುದೆಂದಾಗಿತ್ತು.

ಶ್ರೀವಿದ್ಯಾ ಸೀರೆಯನ್ನು ನೋಡುತ್ತಲೇ ಮಾತಾಡಿದಳು. "ಆ ಷೋ ಆದ್ಮೇಲೆ ನನ್ ಅಂಗಡೀನೂ ಮುಚ್ಚೋಯ್ತು ಅಂಕಲ್. ಈಗ ಅಪ್ಪ ಹೇಳಿ ಇನ್ನೊಂದು ಷೋನಲ್ಲಿ ಚಾನ್ಸ್ ಕೊಡಿಸಿದಾರೆ. ಈ ಸೀರೆ ಸಿಗದಿದ್ರೆ ನನ್ ಕಥೆ ಮುಗೀತು."

"ಇವಳ್ದು ಮುಗ್ದೇ ಹೋಯ್ತಲ್ಲವ್ವ," ಎಂದಳು ಹನುಮಕ್ಕ, ಮಗಳ ಚಿತ್ರ ತೋರಿಸಿ.

"ವೇದಿಕೆ ಮೇಲೇ ಅವಳ ಹೆಸ್ರು ಹೇಳ್ತೀನಿ ಆಂಟಿ. ಆವತ್ತಿನ ತಪ್ಪು ನಂದೇ ಅಂತಾನೂ ಹೇಳ್ತೀನಿ. ಪ್ರಾಮಿಸ್."

ನನಗೆ ಬೇಕಾಗಿದ್ದುದು ಅಷ್ಟೇ. ಆ ಹೆಸರು ಇನ್ನೊಂದು ಸಲ ಅಚ್ಚಾಗಬೇಕು, ಕಳಂಕವಿಲ್ಲದೆ. "ಕೊಡೇ," ಎಂದೆ ಹನುಮಕ್ಕನಿಗೆ.

"ಎಡೆ ಮುಂದ್ಲ ಬಟ್ಟೇನ ಹೊರಗ್ನೋರಿಗೆ ಕೊಡಾಕಾಯ್ತದಾ? ಬೇಕೂಂದ್ರೆ ಮನೆಯೋಳಾಗಿ ತಕೊಂಡೋಗ್ಲಿ. ಕುಂತ್ಕೊಳವ್ವ, ಉಣ್ಣು."

ಶ್ರೀವಿದ್ಯಾ ಗಡಿಯಾರ ನೋಡಿಕೊಂಡು ನೆಲದ ಮೇಲೆ ಕುಳಿತಳು. ಒಂದು ವಡೆ, ಸ್ವಲ್ಪ ಪಾಯಸ ತಿಂದಳು. ಅಷ್ಟರಲ್ಲಿ ಹನುಮಕ್ಕ ಅರಿಶಿನ ಕಲಸಿ, ಹೊಸ ಬಟ್ಟೆಗೆ ಹಚ್ಚುವಂತೆ ಸೀರೆಯ ಮೂಲೆಗೆ ಹಚ್ಚಿದಳು.

"ಅಯ್ಯೋ ಆಂಟಿ! ಕಲೆ ಹೋಗಲ್ಲ!"

"ಹೋಗ್ದೇ ಇರ್ಲಿ ಅಂತಾನೇ ಹಚ್ಚಾದು."

ಶ್ರೀವಿದ್ಯಾ ಸೀರೆ ತೆಗೆದುಕೊಂಡು ಹೋದಳು.

ದೀಪಾವಳಿ ಕಳೆದ ಮೇಲೆ ಪತ್ರಿಕೆಯಲ್ಲಿ ಚಿತ್ರ ಬಂತು. ಶ್ರೀವಿದ್ಯಾ ತಾನೇ ಆ ಸೀರೆಯುಟ್ಟು ನಿಂತಿದ್ದಳು. ಹಿಂದೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಈ ಸೀರೆ ತನ್ನ ಅಜ್ಜಿಯ ಮಾವಿನ ತೋಟದ ನೆನಪಿನಿಂದ ಹುಟ್ಟಿತೆಂದು ಹೇಳಿದ್ದಳು. ನಾನು ಕೊನೆಯ ಸಾಲಿನವರೆಗೆ ಓದಿದೆ. ಮತ್ತೊಮ್ಮೆ ಮೊದಲಿನಿಂದ ಓದಿದೆ.

ಓದು ಬಾರದ ಹನುಮಕ್ಕ ಅಕ್ಕಿ ಆರಿಸುತ್ತ ಕೇಳಿದಳು: "ಹೆಸ್ರು ಐತಾ?"

"ಇಲ್ಲ."

"ಅರಿಶಿನ ಕಾಣ್ತದಾ?"

"ಇಲ್ಲ ಕಣೇ. ನೀ ಹಚ್ಚಿದ್ದು ಸೊಂಟಕ್ಕೆ ಸಿಕ್ಕಿಸೋ ತುದಿಗೆ."

"ಹಂಗಾರೆ ಮೈಗೆ ತಾಕ್ಕಂಡೇ ಇರ್ತದೆ." ಒಂದು ಕಲ್ಲನ್ನು ಆರಿಸಿ ಹೊರಗೆ ಎಸೆದಳು. "ಮನೆಯೋಳು ಅಂತ ಉಣ್ಣಿಸಿವ್ನಿ. ಬರೋ ವರ್ಸದ ಎಡೆಗೂ ಅವಳನ್ನ ಕರೀಬೇಕು."

"ಬರ್ತಾಳೇನೆ?"

"ಬರಾದು ಬಿಡಾದು ಅವಳ್ದು. ಕರೆಯೋದು ನಮ್ದು."

ನಾನು ಪತ್ರಿಕೆ ಮಡಿಸಿಟ್ಟೆ. ದೀಪ ಹಚ್ಚುವ ಹೊತ್ತಾಗಿತ್ತು. ಎದ್ದು ಕೈಕಾಲು ತೊಳೆದುಕೊಂಡೆ.